ಕತ್ತರಿ ಅಜ್ಜನಿಗೊಂದು ತುತ್ತು

ಡ್ರಾಯಿಂಗ್ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಪಿರಿಯಡ್ ನಿಮ್ಮದಲ್ಲ. ಅದು ಗಣಿತದವರದು. ಪಾಠ ಮುಗಿಯದೆ ಉಳಿದರೆ ಇಂಗ್ಲಿಷಿನವರದು. ಸ್ವಾತಂತ್ರ್ಯ ದಿನ ಹತ್ತಿರ ಬಂದರೆ ಪಿ.ಟಿ. ಮಾಸ್ತರರದು. ನಿಮ್ಮ ಕೋಣೆಯೂ ನಿಮ್ಮದಲ್ಲ. ಮುರಿದ ಬೆಂಚು ಮೊದಲು ಬರುತ್ತದೆ, ಆಮೇಲೆ ಅಕ್ಕಿ ಚೀಲ ಬರುತ್ತದೆ, ಆಮೇಲೆ ಒಂದು ದಿನ ಬೀಗವೇ ಬದಲಾಗಿರುತ್ತದೆ. ನಾನು ನಿಪ್ಪಾಣಿ, ರಾಯಬಾಗ, ಅಥಣಿ, ಚಿಕ್ಕೋಡಿ ಎಂದು ಊರಿಗೊಂದರಂತೆ ಕೋಣೆ ಕಳೆದುಕೊಂಡವಳು. ಉಳಿಸಿಕೊಂಡದ್ದು ಒಂದೇ ಒಂದು. ಅದು ಕಾಗವಾಡ ತಾಲೂಕಿನಲ್ಲಿ, ಜುಗೂಳಕ್ಕೆ ಹೋಗುವ ಹಾದಿಯ ಮೇಲಿನ ಕೃಷ್ಣಾ ದಂಡೆಯ ಊರಿನಲ್ಲಿ. ಅದನ್ನು ಉಳಿಸಿಕೊಟ್ಟವನು ಫ್ರಾನ್ಸ್ ದೇಶದ ಒಬ್ಬ ಚಿತ್ರಕಾರ, ನಾನು ಹುಟ್ಟುವ ಮೊದಲೇ ಸತ್ತವನು.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೆಲಸದ ಉದ್ದಕ್ಕೂ ಅದನ್ನು ಬಾಯಿತುಂಬ ಹೇಳಿದ್ದೇನೆ, ಒಮ್ಮೆಯೂ ಅವನ ಊರಿನವರು ಒಪ್ಪುವಂತೆ ಹೇಳಿರಲಾರೆ. ಮುಪ್ಪಿನಲ್ಲಿ ಅವನು ಕುಂಚ ಬಿಟ್ಟು ಕತ್ತರಿ ಹಿಡಿದದ್ದರಿಂದ ನನ್ನ ಮಕ್ಕಳು ಅವನನ್ನು ಕತ್ತರಿ ಅಜ್ಜ ಎಂದರು. ನನಗೂ ಅದೇ ಬಾಯಿಗೆ ಹತ್ತಿತು.

ಇನ್ನೊಂದು ಎಚ್ಚರಿಕೆ. ನಾನು ದಿನಚರಿ ಬರೆಯುವವಳು. ಆದರೆ ನೆನಪಿಗೂ ದಿನಚರಿಗೂ ಹೊಂದಾಣಿಕೆಯಿಲ್ಲ. ಮಳೆ ಬಂತೆಂದು ನಾನು ಆಣೆ ಮಾಡಬಲ್ಲ ದಿನ ದಿನಚರಿಯಲ್ಲಿ ಬಿಸಿಲಿದೆ. ದಿನಚರಿಯನ್ನೇ ನಂಬೋಣವೆಂದರೆ ಬರೆದವಳೂ ನಾನೇ. ಹೆಡ್‌ಮಾಸ್ತರರ ಮೇಲೆ ಸಿಟ್ಟಿದ್ದ ದಿನ ಅವಳು ಬಿಸಿಲನ್ನು ಸ್ವಲ್ಪ ಹೆಚ್ಚೇ ಸುರಿದಿರಬಹುದು. ಹಾಗಾಗಿ ಮುಂದಿನದನ್ನು ಬಣ್ಣ ಸ್ವಲ್ಪ ಹೆಚ್ಚಾಗಿರಬಹುದು ಎಂಬ ಅನುಮಾನದಿಂದಲೇ ಓದಬೇಕು.

ಅವನ ಪರಿಚಯ ನನಗೆ ಧಾರವಾಡದಲ್ಲಿ ಎಂ.ಎ. ಓದುವಾಗ ಆಯಿತು. ಅಲ್ಲಿಯ ಪಠ್ಯಪುಸ್ತಕದಲ್ಲಿ ಅವನ ಚಿತ್ರಗಳೆಲ್ಲ ಕಪ್ಪು ಬಿಳುಪಿನಲ್ಲಿದ್ದವು. ಬಣ್ಣಕ್ಕೇ ಹೆಸರಾದ ಮನುಷ್ಯನ ಒಂದು ಬಣ್ಣವನ್ನೂ ಕಾಣದೆ ಅವನ ಬಣ್ಣಗಳ ಬಗ್ಗೆ ಪುಟಗಟ್ಟಲೆ ಬರೆದು ಪಾಸಾದೆ. ‘ಇಲ್ಲಿ ಕೆಂಪು ಗರ್ಜಿಸುತ್ತದೆ’ ಎಂದು ಬರೆದದ್ದು ಚೆನ್ನಾಗಿ ನೆನಪಿದೆ. ಪುಸ್ತಕದಲ್ಲಿ ಅದು ಒಲೆಯ ಬೂದಿಯ ಬಣ್ಣಕ್ಕಿತ್ತು.

ನಿಪ್ಪಾಣಿಗೆ ನೌಕರಿಗೆ ಸೇರಿದ ಮೇಲೆ ಸಹೋದ್ಯೋಗಿಯೊಬ್ಬರ ಅಣ್ಣ ಪುಣೆಯಿಂದ ಒಂದು ಹಳೆಯ ವಿದೇಶಿ ಕ್ಯಾಲೆಂಡರ್ ತಂದುಕೊಟ್ಟರು. ಹನ್ನೆರಡು ತಿಂಗಳಿಗೆ ಅವನ ಹನ್ನೆರಡು ಚಿತ್ರ. ಜನವರಿಯಲ್ಲಿ ಅವನ ಎಳೆಯ ಕಾಲ, ಡಿಸೆಂಬರಿನಲ್ಲಿ ಮುಪ್ಪು. ಸ್ಟಾಫ್ ರೂಮಿನಲ್ಲಿ ನಿಂತು ಹಾಳೆ ತಿರುವುತ್ತ ಹೋದೆ. ನಡುವಿನ ತಿಂಗಳುಗಳಿಗೆ ಬಂದಾಗ ತಲೆ ತಿರುಗಿತು. ಮಾತಿಗೆ ಹೇಳುವುದಲ್ಲ, ನಿಜವಾಗಿಯೇ ತಿರುಗಿತು. ಕಪಾಟು ಹಿಡಿದುಕೊಂಡೆ.

“ಉಪವಾಸ ಅದೀರೇನ್ರಿ?” ಎಂದರು ಪಕ್ಕದಲ್ಲಿದ್ದ ಹಿಂದಿ ಮೇಡಂ.

“ಇಷ್ಟು ದಿನ ಇದ್ನಿರಿ” ಎಂದೆ. ಎಂದೆನೋ, ಆಮೇಲೆ ಎನ್ನಬೇಕಾಗಿತ್ತು ಅಂದುಕೊಂಡೆನೋ ಗೊತ್ತಿಲ್ಲ.

ಆ ಕ್ಯಾಲೆಂಡರೇ ನನ್ನ ಪಠ್ಯಪುಸ್ತಕವಾಯಿತು. ಜನವರಿಯ ಹಾಳೆಯಲ್ಲಿ ಮಂಕು ಕತ್ತಲಲ್ಲಿ ಒಂದು ಮೇಜು, ಕೆಲವು ಬಾಟಲಿ, ಎಲ್ಲ ಕಂದು. ನಿಪ್ಪಾಣಿಯ ಎಂಟನೆಯ ತರಗತಿಗೆ ಅದನ್ನು ತೋರಿಸಿದಾಗ ಶೋಭಾ ಎಂಬ ಹುಡುಗಿ ಎದ್ದು ನಿಂತಳು. ಅವಳ ತಾಯಿ ಬೀಡಿ ಕಟ್ಟುತ್ತಿದ್ದಳು.

“ಅಕ್ಕಾರ, ಇಂವ ನಮ್ಮ ಊರಾಂವನ ಇರಬೇಕ್ರಿ. ಎಲ್ಲಾ ತಂಬಾಕಿನ ಬಣ್ಣ ಐತಿ.”

ಅವನು ಮೊದಲು ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿದ್ದ, ಹೊಟ್ಟೆಬೇನೆಯಿಂದ ಹಾಸಿಗೆ ಹಿಡಿದಾಗ ಬೇಸರ ಕಳೆಯಲೆಂದು ಅವನ ತಾಯಿ ಬಣ್ಣದ ಪೆಟ್ಟಿಗೆ ಕೊಟ್ಟಳು, ಆಮೇಲೆ ಅವನಿಗೆ ವಕೀಲಿ ರುಚಿಸಲಿಲ್ಲ ಎಂದು ಹೇಳಿದೆ.

“ಅವ್ವನ ಕೊಟ್ಟಳೇನ್ರಿ? ನಮ್ಮವ್ವಗೂ ಒಂದೀಟ ಹೇಳ್ರಿ.”

ದೊಡ್ಡ ಚಿತ್ರಶಾಲೆಗೆ ಹೋಗಿ ಹಳೆಯ ಕಲಾವಿದರ ಚಿತ್ರಗಳನ್ನು ವರ್ಷಗಟ್ಟಲೆ ನಕಲು ಮಾಡಿ ಕೈ ಪಳಗಿಸಿಕೊಂಡ ಎಂದಾಗ ಹಿಂದಿನ ಬೆಂಚಿನಿಂದ ಮತ್ತೊಂದು ದನಿ: “ನಾವ ಕಾಪಿ ಹೊಡದ್ರ ಬಡೀತೀರಿ. ಅವಗ ಯಾರೂ ಬಡೀಲಿಲ್ಲೇನ್ರಿ?”

ಇದಕ್ಕೆ ಉತ್ತರ ಹೊಳೆಯುವ ಮೊದಲೇ ನನ್ನ ಕೋಣೆಗೆ ವಿಜ್ಞಾನದ ಗಾಜಿನ ಸಾಮಾನು ಬಂದವು, ನನಗೆ ರಾಯಬಾಗಕ್ಕೆ ವರ್ಗವಾಯಿತು.

ರಾಯಬಾಗದಲ್ಲಿ ತೋರಿಸಿದ್ದು ಮಾರ್ಚ್ ತಿಂಗಳು. ಅಷ್ಟೊತ್ತಿಗೆ ಅವನು ದಕ್ಷಿಣದ ಸಮುದ್ರದ ದಂಡೆಗೆ ಹೋಗಿ ಬಿಸಿಲು ಕಂಡು ಹುಚ್ಚಾಗಿದ್ದ. ಹೆಂಡತಿಯ ಮುಖ ಬರೆದು, ಹಣೆಯಿಂದ ಮೂಗಿನ ತುದಿಯವರೆಗೆ ಹಸಿರು ಪಟ್ಟಿ ಎಳೆದಿದ್ದ. ಅವನ ಊರಿನ ದೊಡ್ಡವರು ನಕ್ಕರು, ಬೈದರು, ಕಾಡುಪ್ರಾಣಿಗಳ ಕೆಲಸವೆಂದರು. ನನ್ನ ತರಗತಿಯೂ ನಗುತ್ತದೆಂದು ಕಾದೆ. ಯಾರೂ ನಗಲಿಲ್ಲ. ಮನೆಯಲ್ಲಿ ಅರಿಶಿನ ಕುದಿಸುವವರ ಮಕ್ಕಳು, ಕುರಿ ಕಾಯುವವರ ಮಕ್ಕಳು.

“ಎತ್ತಿಗೆ ಹಸರ ಕೋಡ ಮಾಡ್ತೀವಿ, ಕುರಿಗೆ ಕೆಂಪ ಬೆನ್ನ ಮಾಡ್ತೀವಿ” ಎಂದ ಒಬ್ಬ. “ಹೇಣ್ತಿ ಮೂಗಿಗೆ ಹಸರ ಹಚ್ಚಿದ್ರ ಏನಾತ್ರಿ? ಸಂತ್ಯಾಗ ಕಳಕೊಂಡ್ರ ಲಗೂ ಸಿಗತಾಳ.”

ಈ ಉತ್ಸಾಹದಲ್ಲಿ ಒಂದು ಎಡವಟ್ಟಾಯಿತು. ನಿವೃತ್ತರಾಗುತ್ತಿದ್ದ ಹೆಡ್‌ಮಾಸ್ತರರಿಗೆ ಕಾಣಿಕೆಯಾಗಿ ಅವರ ಭಾವಚಿತ್ರ ಬರೆಯುವ ಕೆಲಸವನ್ನು ಮಕ್ಕಳಿಗೆ ವಹಿಸಿದ್ದೆ. ಬೀಳ್ಕೊಡುಗೆಯ ದಿನ ವೇದಿಕೆಯ ಮೇಲೆ ಪರದೆ ಸರಿಸಿದರೆ ಹಳದಿ ಮುಖ, ಹಸಿರು ಮೂಗು, ಕಡುನೀಲಿ ಮೀಸೆ. ಹೆಡ್‌ಮಾಸ್ತರರು ನನ್ನ ಕಡೆ ಬಗ್ಗಿದರು.

“ನನಗ ಕಾಮಣಿ ಆಗೈತೇನ್ರಿ, ಅಕ್ಕಾರ?”

ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ ಎದ್ದು ನಿಂತು, “ಬರೋಬರ ಐತಿ. ಸಿಟ್ಟ ಬಂದಾಗ ಹಿಂಗ ಕಾಣ್ತಾರ. ಮನಿಗಿ ಒಯ್ಯೂಣು” ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು. ಹೆಡ್‌ಮಾಸ್ತರರು ಮಾರನೆಯ ದಿನ ಕಾಮಾಲೆಯ ಅನುಮಾನದಿಂದ ರಕ್ತ ತಪಾಸಣೆ ಮಾಡಿಸಿಕೊಂಡರಂತೆ. ಚಿತ್ರವನ್ನು ಅವರ ಹೆಂಡತಿ ಅಡುಗೆಮನೆಯಲ್ಲಿ ತೂಗುಹಾಕಿದ್ದರು, ಅದನ್ನು ಕಣ್ಣಾರೆ ಕಂಡಿದ್ದೇನೆ. ಹೊಸ ಹೆಡ್‌ಮಾಸ್ತರರು ಮಾತ್ರ ತಮ್ಮ ಮುಖಕ್ಕೆ ಏನಾಗುವುದೋ ಎಂದು ಹೆದರಿರಬೇಕು. ಬಂದ ವಾರವೇ ಕೋಣೆಗೆ ಬೀಗ ಬಿತ್ತು.

ಅಥಣಿಗೆ ಬಂದಾಗ ಅವನು ಜೂನ್ ತಿಂಗಳಲ್ಲಿದ್ದ. ಒಂದು ಇಡೀ ಕೋಣೆ ಕೆಂಪು. ಗೋಡೆ, ಮೇಜು, ನೆಲ ಎಲ್ಲ ಒಂದೇ ಕೆಂಪು, ಗೆರೆಗಳು ಮಾತ್ರ ತೆಳ್ಳಗೆ. ದ್ರಾಕ್ಷಿ ತೋಟದ ಮಾಲೀಕರೊಬ್ಬರು ಮಗನ ಡ್ರಾಯಿಂಗ್ ಹಾಳೆ ಹಿಡಿದುಕೊಂಡು ಶಾಲೆಗೆ ಬಂದರು.

“ಇದರಾಗ ಗ್ವಾಡಿ ಎಲ್ಲೈತ್ರಿ, ಟೇಬಲ್ ಎಲ್ಲೈತ್ರಿ? ಒಂದ ಚಿತ್ರಕ್ಕ ಒಂದ ಡಬ್ಬಿ ಕೆಂಪ ಖಾಲಿ ಮಾಡ್ಯಾನ ನಮ್ಮ ಶಾಣ್ಯಾ.”

ನಾನು ಕ್ಯಾಲೆಂಡರ್ ತೋರಿಸಿದೆ. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದು ನೋಡಿದರು. “ಇಂವ ಯಾರರೆ ಇರಲಿ, ಧೈರ್ಯ ಭಾಳ ಐತಿ” ಎಂದು ಹೇಳಿ ಹೋದರು. ಕೆಲವು ತಿಂಗಳ ಮೇಲೆ ಅವರ ತೋಟದ ಪಂಪಿನ ಮನೆ ಕಂಡೆ. ಗೋಡೆ, ಬಾಗಿಲು, ಚಿಲಕ, ಪೈಪು ಎಲ್ಲ ಕೆಂಪು. ಇದು ನನ್ನ ಪಾಠದ ಫಲವೆಂದು ಎಷ್ಟೋ ಸಭೆಗಳಲ್ಲಿ ಹೇಳಿಕೊಂಡಿದ್ದೇನೆ. ಕಬ್ಬಿಣಕ್ಕೆ ಹಚ್ಚುವ ಬಣ್ಣ ಮಿಕ್ಕಿತ್ತು, ಹಾಗಾಗಿ ಬಳಿದರು ಎಂಬ ಸಾಧ್ಯತೆಯನ್ನು ಯಾವ ಸಭೆಯಲ್ಲೂ ಹೇಳಿಲ್ಲ.

ಚಿಕ್ಕೋಡಿಯ ವರ್ಷಗಳು ಅವನ ಕಿಟಕಿಗಳ ವರ್ಷಗಳು. ನಡುವಯಸ್ಸಿನಲ್ಲಿ ಅವನು ಸಮುದ್ರದ ಕಡೆ ತೆರೆದ ಕಿಟಕಿ, ಪರದೆ, ಸೋಫಾದ ಮೇಲೆ ಒರಗಿದ ಹೆಂಗಸು, ಇವನ್ನೇ ಮತ್ತೆ ಮತ್ತೆ ಬರೆದ. ಮೆತ್ತಗಾದ ಎಂದರು ಕೆಲವರು. ನಾನೂ ಆಗ ಅದೇ ಹೂಜಿ, ಅದೇ ಮೂರು ಬಾಳೆಹಣ್ಣು ಇಟ್ಟು ಬರೆಸುತ್ತಿದ್ದೆ. ಪಿರಿಯಡ್ ಮುಗಿದಾಗ ಹೂಜಿ ಒಂದೇ ಉಳಿದಿರುತ್ತಿತ್ತು. ಆದರೆ ವಿಧಾನ ಬದಲಾದದ್ದು ಆ ಊರಿನಲ್ಲೇ. ಫೋನುಗಳು ಬಂದವು. ಅವನ ಚಿತ್ರ ತೆಗೆದು ತೋರಿಸಿರೆಂದು ಶಿಕ್ಷಕರಿಗೆಲ್ಲ ಹೇಳಿದೆ. ಐದು ಫೋನಿನಲ್ಲಿ ಐದು ಕೆಂಪು. ನನ್ನ ಕ್ಯಾಲೆಂಡರಿನ ಕೆಂಪು ಆರನೆಯದು, ಅದೂ ಬಿಸಿಲಿಗೆ ಬಾಡಿತ್ತು. ಇವುಗಳಲ್ಲಿ ಅವನ ಕೆಂಪು ಯಾವುದು? ಜೀವಮಾನವಿಡೀ ಕಲಿಸಿದವನ ಒಂದು ಅಸಲು ಚಿತ್ರವನ್ನೂ ನಾನು ಕಂಡಿಲ್ಲ ಎಂಬುದು ಆಗ ಹೊಳೆಯಿತು. ಅಳಬೇಕಿತ್ತು, ಆದರೆ ನಗು ಬಂತು. ಯಾಕೆಂದು ಕೇಳಬೇಡಿ.

ಈಗ ಕ್ಯಾಲೆಂಡರಿನ ಕೊನೆಯ ಹಾಳೆ, ಡಿಸೆಂಬರ್.

ನದಿ ದಂಡೆಯ ಶಾಲೆಗೆ ನಾನು ಹೋದಾಗ ಅಲ್ಲಿಯ ಹೆಡ್‌ಮಾಸ್ತರರು ಮಾನೆ ಸರ್. ಮನೆಮಾತು ಮರಾಠಿ, ಒಳ್ಳೆಯ ಮನುಷ್ಯ, ಕಂಪ್ಯೂಟರುಗಳ ಮೇಲೆ ಬಹಳ ಪ್ರೀತಿ. ಕಂಪ್ಯೂಟರುಗಳು ಬಂದು ರಟ್ಟಿನ ಖೋಕೆಗಳಲ್ಲಿ ಕೂತಿದ್ದವು, ಇಡಲು ಜಾಗವಿರಲಿಲ್ಲ.

“ಬಾಯೀ, ತುಮಚಿ ರೂಮ್ ಲೈ ಮೋಟಿ ಆಹೆ” ಎಂದು ದಿನಾ ನಗುತ್ತ ಹೇಳುವರು. ನಿಮ್ಮ ಕೋಣೆ ಬಹಳ ದೊಡ್ಡದು ಎಂದು ಅರ್ಥ. ಅದರ ಅರ್ಥದ ಅರ್ಥ ನನಗೆ ಗೊತ್ತಿತ್ತು. ಕೊನೆಗೆ, ಮೇಲಿನಿಂದ ಒಬ್ಬ ಸಾಹೇಬರು ಬಂದು ನನ್ನ ಪಾಠ ನೋಡಿ ಕೋಣೆ ಡ್ರಾಯಿಂಗಿಗೇ ಇರಲೋ ಕಂಪ್ಯೂಟರಿಗೆ ಹೋಗಲೋ ತೀರ್ಮಾನಿಸುವುದೆಂದಾಯಿತು. ಕೋಣೆ ಹೋದರೆ ಪಿರಿಯಡ್ಡೂ ಹೋದಂತೆ. ನಾನು ಇದನ್ನು ನಾಲ್ಕು ಸಲ ಕಂಡವಳು. ಮಕ್ಕಳಿಗೂ ಮುಚ್ಚಿಡದೆ ಹೇಳಿದೆ.

ಡಿಸೆಂಬರಿನ ಚಿತ್ರವನ್ನೇ ಪಾಠಕ್ಕೆ ಆರಿಸಿಕೊಂಡೆ. ಶಸ್ತ್ರಚಿಕಿತ್ಸೆಯ ಮೇಲೆ ಅವನಿಗೆ ನೆಟ್ಟಗೆ ನಿಲ್ಲಲಾಗಲಿಲ್ಲ. ಹಾಸಿಗೆ, ಗಾಲಿಕುರ್ಚಿ. ಸಹಾಯಕರು ಕಾಗದಕ್ಕೆ ಬಣ್ಣ ಬಳಿದು ಕೊಟ್ಟರೆ ಅವನು ಕತ್ತರಿಯಿಂದ ನೇರವಾಗಿ ಬಣ್ಣವನ್ನೇ ಕತ್ತರಿಸಿ ಎಲೆ, ಹಕ್ಕಿ, ಪಾಚಿ ಮಾಡುವನು. ಕೂತಲ್ಲಿಂದಲೇ ಉದ್ದ ಕೋಲು ಚಾಚಿ ‘ಇದು ಅಲ್ಲಿ, ಅದು ಇಲ್ಲಿ’ ಎಂದು ಗೋಡೆ ತುಂಬಿಸುವನು. ಎಳೆಯ ಪ್ರಾಯದಲ್ಲಿ ಕಂದು ಬಾಟಲಿ ಬರೆದವನು ಮುದುಕನಾಗಿ ಹಾರಾಡಿದ!

ಬಣ್ಣದ ಕಾಗದ ಶಾಲೆಯಲ್ಲಿರಲಿಲ್ಲ. ಆದರೆ ಆ ಊರಿನಲ್ಲಿ ಹರಿದ ಸೀರೆ ಧೋತರಗಳನ್ನು ಕತ್ತರಿಸಿ ಕೌದಿ ಹೊಲಿಯದ ಮನೆಯಿಲ್ಲ. “ಮನೆಯಿಂದ ಅರಿವೆ ತುಂಡು ತನ್ನಿ, ನಾವು ಗೋಡೆಗೊಂದು ಕೌದಿ ಮಾಡೋಣ” ಎಂದೆ. ಹಳೆಯದು ತನ್ನಿ ಎಂದು ಹೇಳಲು ಮರೆತೆ. ಅರಿವೆ ತುಂಡು ಎಂದ ಮೇಲೆ ಹಳೆಯದೇ ಅಲ್ಲವೇ ಅಂದುಕೊಂಡಿರಬೇಕು.

ಸಾಹೇಬರು ಬರುವ ದಿನ ಬೆಳಿಗ್ಗೆ ರೇಣುಕಾ ಎಂಬ ಕುರಿಗಾರರ ಹುಡುಗಿ ತಂದ ಹಸಿರು ನೋಡಿ ಎಲ್ಲರೂ ಓ ಎಂದೆವು. ಹೊಸ ಭತ್ತದ ಸಸಿಯಂಥ ಹಸಿರು. ಅವಳು ಅದನ್ನು ಆಗಲೇ ಎಲೆಯ ಆಕಾರಕ್ಕೆ ಕತ್ತರಿಸಿಬಿಟ್ಟಿದ್ದಳು. ನೆಲದ ಮೇಲೆ ದೊಡ್ಡ ಬಿಳಿ ಧೋತರ ಹಾಸಿ ತುಂಡುಗಳನ್ನು ಜೋಡಿಸಿ, ನಮ್ಮ ಕಡೆ ಟಾಚಣಿ ಎನ್ನುವ ಗುಂಡುಸೂಜಿ ಚುಚ್ಚಿದೆವು. ಹಸಿರು ಎಲೆ ಒಂದು ಮೂಲೆಗೆ ಹೋಯಿತು.

ಸಾಹೇಬರು ಬಂದರು. ವಯಸ್ಸಾದವರು, ಎರಡೂ ಮೊಣಕಾಲು ನೋವು. ಪಾಠ ಅರ್ಧಕ್ಕೆ ಬಂದಿತ್ತು, ಬಾಗಿಲಲ್ಲಿ ಗದ್ದಲ. ರೇಣುಕಾಳ ತಾಯಿ ಗಂಗವ್ವ, ಅವಳ ಹಿಂದೆ ಇನ್ನೂ ಕೆಲವು ತಾಯಂದಿರು.

“ಎಲ್ಲಿ ಅದಾಳ ಆ ಡ್ರಾಯಿಂಗ್ ಅಕ್ಕ? ನನ್ನ ಹಿರೇ ಮಗಳ ಕುಬಸದ ಸೀರಿ! ನಾಳಿಗೆ ಉಡಿಸಬೇಕಂತ ಮಡಿಚಿ ಇಟ್ಟಿದ್ನಿ. ಇಕಿ ಕತ್ರಿ ಹಾಕ್ಯಾಳ!”

ಬಸುರಿ ಮಗಳಿಗೆ ಉಡಿಸುವ ಹಸಿರು ಸೀರೆ. ರೇಣುಕಾ ಅಳುತ್ತಲೇ ವಾದಿಸಿದಳು: “ನೀನ ಹೇಳ್ತೀಯಲ್ಲಬೇ, ಕೌದಿಗೆ ಒಂದರೆ ಚಲೋ ತುಂಡ ಬೇಕಂತ!”

ಮಾನೆ ಸರ್ ನನ್ನನ್ನು ನೋಡಿದ ನೋಟದಲ್ಲಿ ಕಂಪ್ಯೂಟರುಗಳು ಆಗಲೇ ಕೋಣೆಯೊಳಗೆ ಬಂದಿದ್ದವು.

ಗಂಗವ್ವ ಕೌದಿಯ ಸುತ್ತ ಒಂದು ಸುತ್ತು ಬಂದಳು. ತನ್ನ ಸೀರೆ ಕಂಡಿತು. ನಿಂತಳು.

“ಇದನ್ನ ಮೂಲ್ಯಾಗ ಯಾರ ಇಟ್ಟಾರ?”

“ನಾ ಇಟ್ಟೀನವ್ವ” ಎಂದೆ.

“ಕುಬಸದ ಸೀರಿ ಕತ್ತರಸಿ ಮೂಲ್ಯಾಗ ಇಡತೀರಿ? ನಡುವ ಯಾರದೈತಿ ಈ ಕೆಂಪು?”

“ನಂದೈತಿ, ಯಾಕ?” ಎಂದಳು ಹಿಂದೆ ನಿಂತಿದ್ದ ಶಾಂತವ್ವ, ಯಡೂರಿನಿಂದ ಈ ಊರಿಗೆ ಮದುವೆಯಾಗಿ ಬಂದವಳು. “ನಮ್ಮ ಅತ್ತಿ ಇರಕಲ್ ಸೀರಿ ಅದು. ಮುಟ್ಟಿದ್ರ ನೋಡ.”

“ನಿಮ್ಮ ಅತ್ತಿ ಉಟ್ಟು ಹರದದ್ದು. ನಂದು ಹೊಸಾದು, ಘಡಿ ಮುರದಿಲ್ಲ!”

“ಘಡಿ ಮುರೀಲಿಲ್ಲ, ಕತ್ರಿಲೆ ಮುರದಾಳ ನಿನ್ನ ಮಗಳು!”

ಇಬ್ಬರೂ ಸೆರಗು ಸಿಕ್ಕಿಸಿ ನೆಲಕ್ಕೆ ಕೂತರು. ಉಳಿದವರು ಕೂತರು. ಒಬ್ಬಳು ಸಿಕ್ಕಿಸಿದ್ದನ್ನು ಮತ್ತೊಬ್ಬಳು ಕಿತ್ತಳು. ಹಳದಿ ಹಕ್ಕಿ ಮೂರು ಕಡೆ ಹಾರಿತು. ಮಕ್ಕಳು ಬೆಂಚಿನ ಮೇಲೆ ಹತ್ತಿ ತಮ್ಮ ತಮ್ಮ ಅವ್ವಂದಿರಿಗೆ ಹುರುಪು ತುಂಬತೊಡಗಿದರು. ನಾನು ಟಾಚಣಿಯ ಡಬ್ಬಿ ಹಿಡಿದು ನಿಂತಿದ್ದೆ; ತಲೆ ತಿರುಗುತ್ತಿತ್ತು, ನಿಪ್ಪಾಣಿಯಲ್ಲಿ ತಿರುಗಿದಂತೆಯೇ. ಕೊನೆಗೆ ಗಂಗವ್ವ ತಿರುಗಿ ಸಾಹೇಬರನ್ನು ಹಿಡಿದಳು.

“ಸಾಹೇಬ್ರ, ಕಲತವರ ಅದೀರಿ. ನೀವ ಹೇಳ್ರಿ, ನಡುವ ಯಾರದು?”

ಸಾಹೇಬರು ನೆಲಕ್ಕೆ ಕೂರುವಂತಿರಲಿಲ್ಲ. ಕುರ್ಚಿಯನ್ನು ಹತ್ತಿರ ಎಳೆಸಿಕೊಂಡರು. ನಕಾಶೆ ತೋರಿಸುವ ಉದ್ದ ಕೋಲನ್ನು ಮಾನೆ ಸರ್ ತಾವಾಗಿ ಕೊಟ್ಟರೋ ಸಾಹೇಬರು ಕಸಿದುಕೊಂಡರೋ, ಇಲ್ಲಿ ನೆನಪು ನಂಬಿಕೆಗೆ ಅರ್ಹವಲ್ಲ. ಕೋಲು ಚಾಚಿ ಮೆಲ್ಲಗೆ ಶುರುಮಾಡಿದರು.

“ಆ ಹಸರ ಎಲಿ ಸ್ವಲ್ಪ ಈಕಡೆ ಸರಸ್ರಿ. ಹಾಂ. ಕೆಂಪಿನ ಬಾಜೂಕ. ಎರಡೂ ಕೂಡಿ ನಡುವ ಇರಲಿ. ಹಳದಿ ಹಕ್ಕಿ ಮ್ಯಾಲ. ಇನ್ನೂ ಮ್ಯಾಲ. ಅಲ್ಲೇನ್ ಮಾಡತಿ ತಂಗಿ, ಹಕ್ಕಿ ಹಾರಬೇಕು!”

ದನಿ ಏರುತ್ತ ಹೋಯಿತು. ಕೂದಲು ಕೆದರಿತು. ಕೋಲು ಕುಣಿಯಿತು. ಬೆಂಚಿನ ಮೇಲಿಂದ ಯಾರೋ ಕೂಗಿದರು: “ಕತ್ರಿ ಅಜ್ಜ!” ಇಡೀ ತರಗತಿ ಕೂಗಿತು: “ಕತ್ರಿ ಅಜ್ಜ! ಕತ್ರಿ ಅಜ್ಜ!” ಸಾಹೇಬರು ಗೋಡೆಯ ಮೇಲಿನ ಡಿಸೆಂಬರ್ ಹಾಳೆ ನೋಡಿದರು, ತಮ್ಮ ಕೈಯ ಕೋಲು ನೋಡಿದರು. ಗಂಟಲು ಸರಿಮಾಡಿಕೊಂಡರು. ಆಮೇಲೆ “ಆ ನೀಲಿ ತುಂಡ ಬಿಟ್ಟೀರಿ ನೋಡ್ರಿ” ಎಂದು ಮತ್ತೆ ಚಾಚಿದರು.

ಮಧ್ಯಾಹ್ನದ ಹೊತ್ತಿಗೆ ತಾಯಂದಿರು ಸೂಜಿ ದಾರ ತರಿಸಿ ಸುತ್ತಲೂ ಹೊಲಿಯುತ್ತ ಬಂದರು. ಕೊನೆಯ ಮೂಲೆ ಉಳಿಯಿತು. ನಮ್ಮ ಕಡೆ ಕೌದಿಯ ಕೊನೆಯ ಮೂಲೆಯನ್ನು ಬರಿದಾಗಿ ಮುಚ್ಚುವುದಿಲ್ಲ. ಒಳಗೆ ಒಂದು ತುತ್ತು ಇಟ್ಟು ಹೊಲಿಯುತ್ತಾರೆ. ಹಸಿದ ಕೌದಿ ಬೆಚ್ಚಗಿಡುವುದಿಲ್ಲವೆಂದು ನಂಬಿಕೆ. ಗಂಗವ್ವ ಸೂಜಿ ನಿಲ್ಲಿಸಿ ಸುತ್ತ ನೋಡಿದಳು. ಸಾಹೇಬರ ಊಟದ ಡಬ್ಬಿ ಮೇಜಿನ ಮೇಲಿತ್ತು.

“ಜೋಡಿಸಿದಾವ್ರು ನೀವು. ತುತ್ತೂ ನಿಮ್ಮದ ಆಗಲಿ.”

ಸಾಹೇಬರು ಡಬ್ಬಿ ತೆರೆದರು. ಹೋಳಿಗೆ ಇತ್ತು ಎನ್ನುತ್ತೇನೆ ನಾನು. ಒಣ ಚಪಾತಿ, ಅವರಿಗೆ ಶುಗರ್ ಇತ್ತು ಎನ್ನುತ್ತಾರೆ ಮಾನೆ ಸರ್. ಏನೋ ಒಂದನ್ನು ಮುರಿದು ಕೊಟ್ಟರು. ಗಂಗವ್ವ ಒಳಗಿಟ್ಟು ನಾಲ್ಕು ಹೊಲಿಗೆ ಹಾಕಿ ದಾರ ಕಡಿದಳು. ಕೌದಿ ಗೋಡೆಗೆ ಏರಿತು.

ಮಾನೆ ಸರ್ ಹತ್ತಿರ ಬಂದರು. “ಸಾಹೇಬ್ರ, ಮತ್ತ ಆ ರೂಮಿಂದು…”

“ಮಾನೆಯವ್ರ” ಎಂದರು ಸಾಹೇಬರು, ಕೋಲನ್ನು ಇನ್ನೂ ಕೈಯಲ್ಲೇ ಹಿಡಿದು, “ನನ್ನ ಕೈಲೆ ತುತ್ತು ಹಾಕೀನಿ. ಉಣಿಸಿದ ಕೈಲೆ ಹೊರಗ ಹಾಕಂದ್ರ ಹೆಂಗ್ರಿ? ಕಂಪ್ಯೂಟರಿಗೆ ಆ ಅಕ್ಕಿ ಚೀಲದ ಖೋಲಿ ನೋಡ್ರಿ.”

ನಾನು ಆಗ ಏನು ಮಾಡಿದೆನೆಂದು ರೇಣುಕಾಳ ಗೆಳತಿಯರು ಇಂದಿಗೂ ಅಣಕಿಸುತ್ತಾರೆ. ಬೆಂಚಿನ ಮೇಲೆ ಹತ್ತಿದೆನಂತೆ. ನನಗೆ ನೆನಪಿಲ್ಲ. ದಿನಚರಿಯೂ ಈ ಬಗ್ಗೆ ಮೌನವಾಗಿದೆ. ಮರುದಿನ ಗಂಗವ್ವನ ಹಿರಿಯ ಮಗಳು ಕುಬಸಕ್ಕೆ ನನ್ನ ಹಸಿರು ಸೀರೆ ಉಟ್ಟಳು. ಕತ್ತರಿಸಿ ಉಳಿದ ಸೀರೆಯಲ್ಲಿ, ಹುಟ್ಟಲಿರುವ ಕೂಸಿನ ತಲೆಗೆ ಹಾಕುವ ಕುಂಚಿಗೆ ಹೊಲಿದರು.

ಒಂದು ವಾರದಲ್ಲಿ ಕೌದಿಯ ಆ ಮೂಲೆಗೆ ಇರುವೆ ಹತ್ತಿದವು. ಕಿಟಕಿಯಿಂದ ಹೊರಟು ಕೆಂಪು ದಾಟಿ, ಹಸಿರು ಎಲೆಯ ಅಂಚು ಹಿಡಿದು ಸಾಲಾಗಿ ನಡೆದಿದ್ದವು. ಮಾನೆ ಸರ್‌ ಅವರನ್ನು ಕೈ ಹಿಡಿದು ಕರೆತಂದು ತೋರಿಸಿದೆ. “ಒಣ ಚಪಾತಿಗೆ ಇಷ್ಟು ಬರ್ತಾವೇನ್ರಿ, ಸರ್?” ಅವರು ಬಗ್ಗಿ ನೋಡಿ, “ಹೋಳಿಗೆ ಅಸೇಲ್ ಬಾಯೀ” ಎಂದು, ಹೋಳಿಗೆಯೇ ಇದ್ದೀತೆಂದು ಒಪ್ಪಿಕೊಂಡರು. ನನ್ನ ಇಡೀ ನೌಕರಿಯಲ್ಲಿ ನನ್ನ ನೆನಪಿಗೆ ಸಾಕ್ಷಿ ಹೇಳಿದವು ಆ ಇರುವೆಗಳು ಮಾತ್ರ.

ನನ್ನ ನಿವೃತ್ತಿಯ ಮೇಲೆ ಆ ಕೋಣೆಗೆ ಸುಜಾತಾ ಎಂಬ ಹುಡುಗಿ ಬಂದಿದ್ದಾಳೆ. ನಾನು ಅಲ್ಲಿಂದ ಹೊರಡುವಾಗ ಕ್ಯಾಲೆಂಡರ್ ಅವಳಿಗೇ ಕೊಟ್ಟೆ. ಈಚೆಗೆ ಫೋನ್ ಮಾಡಿದ್ದಳು.

“ಅಕ್ಕಾರ, ಹೊಸ ಹೆಡ್‌ಮಾಸ್ತರು ಈ ರೂಮ ಸ್ಮಾರ್ಟ್ ಕ್ಲಾಸಿಗೆ ಕೇಳಾಕತ್ತಾರ್ರಿ. ಅದರಾಗ ಕೌದಿ ಮೂಲಿ ಇಲಿ ಕಡದಾವ್ರಿ. ಒಳಗಿಂದೆಲ್ಲಾ ತಿಂದ ಹೋಗ್ಯಾವು. ತೂತ ಹೊಲದ ಬಿಡಲೇನ್ರಿ?”

“ಬ್ಯಾಡವ್ವ” ಎಂದೆ. “ಹಸದದ್ದು ಹಂಗ ಹೊಲೀಬಾರದು. ರೂಮ ನೋಡಾಕ ಯಾರರೆ ಸಾಹೇಬ್ರು ಬರೋರು ಅದಾರೇನು?”

“ನಾಡದ ಬರ್ತಾರ್ರಿ.”

“ಡಬ್ಬಿ ತರ್ತಾರೇನ ಕೇಳು.”